ಪುಸ್ತಕಕ್ಕಲ್ಲದಿದ್ದರೂ ಗ್ರಂಥಾಲಯಕ್ಕೆ ಹೋಗಿ

ಓದದೆ ಹಿಂದಿರುಗಿಸಿದ ಪುಸ್ತಕವನ್ನು ಕೌಂಟರಿನಲ್ಲಿ ಕುಳಿತವರು ಕೈಗೆತ್ತಿಕೊಂಡೊಡನೆ ಗುರುತಿಸುತ್ತಾರೆ. ಬೆನ್ನು ಬಿಗಿಯಾಗಿರುತ್ತದೆ, ಅಂಚಿನಲ್ಲಿ ಅಂಟಿಕೊಂಡ ಎರಡು ಹಾಳೆಗಳು ಅಂಟಿಕೊಂಡೇ ಇರುತ್ತವೆ. ನಾನು ಒಂದು ಸಣ್ಣ ಗ್ರಂಥಾಲಯದಲ್ಲಿ ಸ್ವಯಂಸೇವಕನಾಗಿ ಕೂರಲು ಆರಂಭಿಸಿದ ಹೊಸತರಲ್ಲಿ ವಯಸ್ಸಾದ ಮಹಿಳೆಯೊಬ್ಬರು ಎರಡು ದಿನಕ್ಕೊಮ್ಮೆ ಬಂದು ಅಂಥದೊಂದು ಪುಸ್ತಕ ಕೊಟ್ಟು ಇನ್ನೊಂದನ್ನು ಒಯ್ಯುತ್ತಿದ್ದರು. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, "ಕೊನೆ ಹೇಗಿತ್ತು?" ಎಂದು ಕೇಳಿಬಿಟ್ಟೆ. ಅವರು ಮುದ್ರೆಯ ಪ್ಯಾಡಿನ ಕಡೆ ನೋಡುತ್ತ "ಚೆನ್ನಾಗಿತ್ತು" ಎಂದರು. ಆಮೇಲೆ ಹದಿನೈದು ದಿನ ಅವರ ಸುಳಿವಿಲ್ಲ. ಪಕ್ಕದಲ್ಲಿದ್ದ ಹಿರಿಯ ಗ್ರಂಥಪಾಲಕರು ನನಗೆ ಹೇಳಿದ್ದು ಇಷ್ಟೇ: "ಮುದ್ರೆ ಒತ್ತುವಷ್ಟು ಹೊತ್ತು ಎದುರಿಗೆ ಒಬ್ಬ ಮನುಷ್ಯ ಇರುತ್ತಾನಲ್ಲ, ಅವರು ಬರುವುದು ಅದಕ್ಕೆ. ಪರೀಕ್ಷೆ ಮಾಡಬೇಡಿ."

ಮತ್ತೆ ಬಂದಾಗ ನಾನು ಪುಸ್ತಕದ ಮಾತೆತ್ತಲಿಲ್ಲ. ನೆನೆದ ಛತ್ರಿ ಎಲ್ಲಿಡಬಹುದು ಎಂದು ತೋರಿಸಿದೆ, ಅಷ್ಟೆ.

ಒಂಟಿತನದಿಂದ ಹೊರಬರಬೇಕು, ಆದರೆ ಎಲ್ಲಿಂದ ಶುರುಮಾಡುವುದು ಎಂದು ತೋಚದವರಿಗಾಗಿ ಈ ಲೇಖನ. ಗ್ರಂಥಾಲಯವನ್ನೇ ಏಕೆ ಸೂಚಿಸುತ್ತೇನೆಂದರೆ, ಅಲ್ಲಿ ಕುಳಿತುಕೊಳ್ಳಲು ಕಾರಣ ಹೇಳಬೇಕಾಗಿಲ್ಲ. ಹೋಟೆಲಿನಲ್ಲಿ ಏನಾದರೂ ತರಿಸಿಕೊಳ್ಳಬೇಕು, ಖಾಲಿ ಲೋಟದ ಮುಂದೆ ಬಹಳ ಹೊತ್ತು ಕೂತರೆ ಮಾಣಿ ಎರಡು ಸಲ ಬಂದು ನೋಡುತ್ತಾನೆ. ಕ್ಲಬ್ಬಿಗೆ ಸೇರಲು ಯಾರಾದರೂ ಪರಿಚಯಿಸಬೇಕು. ಸಾರ್ವಜನಿಕ ಗ್ರಂಥಾಲಯದ ತತ್ವವೇ ಬೇರೆ. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟವಾದ ಇಫ್ಲಾ ಸೇರಿ 1994ರಲ್ಲಿ ಹೊರಡಿಸಿ, 2022ರಲ್ಲಿ ಪರಿಷ್ಕರಿಸಿದ ಪ್ರಣಾಳಿಕೆಯ ಪ್ರಕಾರ ವಯಸ್ಸು, ಲಿಂಗ, ಧರ್ಮ, ಭಾಷೆ, ಸಾಮಾಜಿಕ ಸ್ಥಾನ ಯಾವುದನ್ನೂ ನೋಡದೆ ಅದು ಎಲ್ಲರಿಗೂ ಸಮಾನವಾಗಿ ತೆರೆದಿರಬೇಕು. ಮನೆ ಒಂದು, ಕೆಲಸದ ಜಾಗ ಇನ್ನೊಂದು, ಇವೆರಡೂ ಅಲ್ಲದ, ಜನ ಸುಮ್ಮನೆ ಸೇರುವ ಜಾಗ ಮೂರನೆಯದು ಎಂದು ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಬರೆದರು. ದುಡ್ಡು ಬಿಚ್ಚದೆ ಬಾಗಿಲು ದಾಟಬಹುದಾದ ಮೂರನೆಯ ಜಾಗಗಳು ಈಗ ಬೆರಳೆಣಿಕೆಯಷ್ಟು.

ಇನ್ನೊಂದು ಮಾತು. ಏಕಾಂತ ಬೇರೆ, ಒಂಟಿತನ ಬೇರೆ ಎಂದು ನಮ್ಮ ನುಡಿಗೆ ಗೊತ್ತಿದೆ. ಏಕಾಂತ ನಾವೇ ಬಯಸಿದ್ದು, ಒಂಟಿತನ ತಾನಾಗಿ ಮೇಲೆ ಬಿದ್ದದ್ದು. ಜನರ ನಡುವೆ ಕುಳಿತೂ ಏಕಾಂತವನ್ನು ಕಾಯ್ದುಕೊಳ್ಳಬಹುದಾದ ಜಾಗ ಗ್ರಂಥಾಲಯ. ಮಾತು ಬೇಡವಾದ ದಿನ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹೆಜ್ಜೆ 1: ನಿಮ್ಮದು ಯಾವ ಬಗೆಯ ಒಂಟಿತನ?

ಇದನ್ನು ರೋಗವೆಂದೋ ಅವಮಾನವೆಂದೋ ತಿಳಿಯಬೇಡಿ. ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ವರದಿಯಲ್ಲಿ ಹೇಳಿದೆ. ಇದು ವಯಸ್ಸಾದವರ ಪಾಡು ಮಾತ್ರ ಎಂಬ ನಂಬಿಕೆಯೂ ಸುಳ್ಳು, ಹದಿಹರೆಯದವರಲ್ಲೇ ಅದರ ಪ್ರಮಾಣ ಹೆಚ್ಚು ಎಂದು ಅದೇ ವರದಿ ತಿಳಿಸುತ್ತದೆ.

ಸಂಶೋಧಕರು ಒಂಟಿತನವನ್ನು ಅಳೆಯಲು ಬಳಸುವ ಒಂದು ಚಿಕ್ಕ ಪಟ್ಟಿಯಲ್ಲಿ ಮೂರೇ ಪ್ರಶ್ನೆಗಳಿವೆ: ಜೊತೆಗೆ ಯಾರೂ ಇಲ್ಲ ಎಂದು ಎಷ್ಟು ಸಲ ಅನಿಸುತ್ತದೆ? ನನ್ನನ್ನು ಹೊರಗಿಟ್ಟಿದ್ದಾರೆ ಎಂದು ಎಷ್ಟು ಸಲ? ಎಲ್ಲರಿಂದ ದೂರವಾಗಿದ್ದೇನೆ ಎಂದು ಎಷ್ಟು ಸಲ? ಪ್ರತಿಯೊಂದಕ್ಕೂ 'ಅಪರೂಪಕ್ಕೆ', 'ಕೆಲವೊಮ್ಮೆ', 'ಆಗಾಗ' ಎಂಬ ಮೂರರಲ್ಲಿ ಒಂದು ಉತ್ತರ. ಒಂದು ಚೀಟಿಯಲ್ಲಿ ಬರೆದು, ತಾರೀಕು ಹಾಕಿ ಎತ್ತಿಡಿ. ಮೂರು ತಿಂಗಳ ನಂತರ ಇವೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಬರೆದು ಹೋಲಿಸಿ ನೋಡಬಹುದು.

ಆಮೇಲೆ ಇನ್ನೊಂದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಹೇಳಿಕೊಳ್ಳಲು ಆಪ್ತರೊಬ್ಬರು ಇಲ್ಲದ ಒಂಟಿತನವೋ, ಬಳಗವೇ ಇಲ್ಲದ ಒಂಟಿತನವೋ? ರಾಬರ್ಟ್ ವೈಸ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿಯೇ ಇವೆರಡನ್ನು ಬೇರ್ಪಡಿಸಿ ತೋರಿಸಿದ್ದರು. ಊರು ಬದಲಿಸಿದವರು, ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವವರು, ಕೂಸನ್ನು ನೋಡಿಕೊಳ್ಳುತ್ತ ಇಡೀ ದಿನ ಒಳಗೇ ಇರುವ ತಾಯಂದಿರು, ಇವರಿಗೆಲ್ಲ ಸಾಮಾನ್ಯವಾಗಿ ಎರಡನೆಯದು. ಅದಕ್ಕೆ ಗ್ರಂಥಾಲಯ ಚೆನ್ನಾಗಿ ಒದಗುತ್ತದೆ. ಸಂಗಾತಿಯನ್ನು ಕಳೆದುಕೊಂಡವರ ಒಂಟಿತನವನ್ನು ಓದುಗರ ಬಳಗ ತುಂಬಲಾರದು, ಹೊತ್ತು ಹೋಗುವಂತೆ ಮಾಡಬಲ್ಲದು ಅಷ್ಟೆ. ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಮೊದಲು ವೈದ್ಯರನ್ನು ನೋಡಿ, ಗ್ರಂಥಾಲಯ ಎಲ್ಲಿಯೂ ಹೋಗುವುದಿಲ್ಲ.

ಹೆಜ್ಜೆ 2: ಮೊದಲು ನೋಡಿ ಬನ್ನಿ

ಮೊದಲ ದಿನ ಸದಸ್ಯತ್ವದ ಅರ್ಜಿ ತುಂಬುವ ಗೋಜಿಗೆ ಹೋಗಬೇಡಿ. ಒಳಗೆ ಕುಳಿತು ಓದಲು ಬಹಳಷ್ಟು ಕಡೆ ಅದು ಬೇಕಾಗಿಯೂ ಇಲ್ಲ. ಅರ್ಧ ಗಂಟೆ ಸುತ್ತಾಡಿ. ಪತ್ರಿಕೆಗಳ ಮೇಜು ಎಲ್ಲಿದೆ, ಮಕ್ಕಳ ವಿಭಾಗ ಎಲ್ಲಿದೆ, ಶೌಚಾಲಯ ಯಾವ ಕಡೆ, ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಇಷ್ಟು ಗೊತ್ತಾದರೆ ಮುಂದಿನ ಸಲ ಕಾಲು ಹಿಂಜರಿಯುವುದಿಲ್ಲ.

ಸೂಚನಾ ಫಲಕವನ್ನು ಮಾತ್ರ ನಿಂತು ಓದಿ. ಅದರಲ್ಲಿ 'ಮಾತನಾಡಬಾರದು, ಮಲಗಬಾರದು, ಚೀಲ ತರಬಾರದು' ಎಂಬ 'ಬಾರದು'ಗಳೇ ತುಂಬಿದ್ದರೆ ಆ ಜಾಗದ ಸ್ವಭಾವ ಒಂದು ಬಗೆ. 'ಶನಿವಾರ ಕಥೆ ಹೇಳುವ ಕಾರ್ಯಕ್ರಮ, ಬುಧವಾರ ಓದುಗರ ಬಳಗ' ಎಂದಿದ್ದರೆ ಇನ್ನೊಂದು ಬಗೆ. ಮೂಲೆಯಲ್ಲಿ ಎರಡು ವರ್ಷದ ಹಿಂದಿನ ನೋಟಿಸು ಇನ್ನೂ ನೇತಾಡುತ್ತಿದ್ದರೂ ಧೈರ್ಯಗೆಡಬೇಡಿ. ಅಂಥ ಕಡೆ ಹೊಸದಾಗಿ ಏನಾದರೂ ಮಾಡುವವರಿಗೆ ಜಾಗ ಬೇಗ ಸಿಗುತ್ತದೆ.

ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ. ಬೆಳಿಗ್ಗೆ ಪತ್ರಿಕೆ ಓದುವ ಹಿರಿಯರಿರುತ್ತಾರೆ, ಇಳಿಹೊತ್ತಿನಲ್ಲಿ ಮಕ್ಕಳನ್ನು ಕರೆತರುವ ಪೋಷಕರು, ಸಂಜೆ ಪರೀಕ್ಷೆಗೆ ಓದುವವರು. ಪರೀಕ್ಷೆಯವರ ಕೋಣೆಯಲ್ಲಿ ಸ್ನೇಹ ಹುಡುಕಲು ಹೋಗಬೇಡಿ. ಅಲ್ಲಿ ಕುರ್ಚಿ ಸರಿಸಿದ ಸದ್ದಿಗೇ ಹತ್ತು ತಲೆಗಳು ಮೇಲೇಳುತ್ತವೆ.

ಹೆಜ್ಜೆ 3: ವಾರ, ವೇಳೆ, ಕುರ್ಚಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವಿರಾದರೆ ಇದನ್ನು ಪಾಲಿಸಿ. ವಾರದಲ್ಲಿ ಎರಡು ದಿನ ಗೊತ್ತುಮಾಡಿಕೊಳ್ಳಿ. ಅವೇ ಎರಡು ದಿನ, ಅದೇ ವೇಳೆ, ಸಾಧ್ಯವಾದರೆ ಅದೇ ಮೇಜು. ಮನಸ್ಸಾದಾಗ ಹೋಗುವವರು ಪ್ರತಿ ಸಲವೂ ಹೊಸಬರಾಗಿಯೇ ಉಳಿಯುತ್ತಾರೆ. ಮಂಗಳವಾರ ಹತ್ತು ಗಂಟೆಗೆ ಬರುವವರು ನಾಲ್ಕನೆಯ ಮಂಗಳವಾರದ ಹೊತ್ತಿಗೆ 'ಮಂಗಳವಾರದವರು' ಆಗಿರುತ್ತಾರೆ.

ಮೊದಲ ಮೂರು ನಾಲ್ಕು ವಾರ ಯಾರೊಡನೆಯೂ ಮಾತನಾಡಬೇಕಾಗಿಲ್ಲ. ನಾವು ಮುಖಪರಿಚಯ ಎನ್ನುತ್ತೇವಲ್ಲ, ಅದು ಮಾತಿಲ್ಲದೆಯೇ ಬೆಳೆಯುತ್ತದೆ. ಒಂದು ವಸ್ತುವನ್ನು ಮತ್ತೆ ಮತ್ತೆ ಕಂಡಷ್ಟೂ ಅದರ ಮೇಲೆ ಒಲವು ಹೆಚ್ಚುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞ ರಾಬರ್ಟ್ ಝಾಯೊಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಮನುಷ್ಯರ ಮುಖಕ್ಕೂ ಅದು ಅನ್ವಯಿಸುತ್ತದೆ. ಒಂದು ತಲೆಯಾಡಿಕೆ, ಪತ್ರಿಕೆಯ ಒಳಪುಟವನ್ನು ಎದುರಿನವರ ಕಡೆ ಸರಿಸುವುದು, ಸದ್ಯಕ್ಕೆ ಇಷ್ಟು ಸಾಕು.

ಮುಖಪರಿಚಯ, ಪರಿಚಯ, ಒಡನಾಟ, ಸ್ನೇಹ, ಈ ಮೆಟ್ಟಿಲುಗಳ ನಡುವೆ ಎಷ್ಟು ಹೊತ್ತು ಬೇಕು? ಅಮೆರಿಕದ ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಂದಾಜು ಹೀಗಿದೆ: ಬರೀ ಪರಿಚಯ ಹಗುರವಾದ ಸ್ನೇಹವಾಗಲು ಒಟ್ಟಿಗೆ ಕಳೆದ ಸುಮಾರು 50 ಗಂಟೆ, ಸ್ನೇಹಿತರು ಎನ್ನಿಸಿಕೊಳ್ಳಲು ಸುಮಾರು 90 ಗಂಟೆ, ಆಪ್ತಸ್ನೇಹಕ್ಕೆ 200 ಗಂಟೆಗೂ ಮೇಲೆ. ವಾರಕ್ಕೊಮ್ಮೆ ಒಂದೂವರೆ ಗಂಟೆ ಸೇರುವ ಬಳಗದಲ್ಲಿ 50 ಗಂಟೆ ತುಂಬಲು ಎಂಟು ತಿಂಗಳು ಬೇಕು. ಮೂರು ಸಲ ಹೋಗಿ "ಯಾರೂ ಹತ್ತಿರವಾಗಲಿಲ್ಲ" ಎಂದು ಬಿಟ್ಟುಬಂದವರು ಲೆಕ್ಕದಲ್ಲಿ ಇನ್ನೂ ಹೊಸ್ತಿಲ ಮೇಲೆಯೇ ಇದ್ದರು.

ಹೆಜ್ಜೆ 4: ಮೊದಲ ಮಾತು ಕೌಂಟರಿನಲ್ಲಿ

ಮೊದಲ ಮಾತನ್ನು ಸಿಬ್ಬಂದಿಯೊಡನೆ ಆಡಿ. ಪ್ರಶ್ನೆ ಕೇಳಿಸಿಕೊಳ್ಳುವುದು ಅವರ ಕೆಲಸ, ಆದ್ದರಿಂದ ತೊಂದರೆ ಕೊಡುತ್ತಿದ್ದೇನೆ ಎಂಬ ಅಳುಕು ಬೇಡ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ 1931ರಲ್ಲಿ ತಮ್ಮ ಐದು ಸೂತ್ರಗಳಲ್ಲಿ ಎರಡನ್ನು ಇದಕ್ಕೇ ಮೀಸಲಿಟ್ಟಿದ್ದರು. ಒಳ್ಳೆಯ ಗ್ರಂಥಪಾಲಕರು ಆ ಜೋಡಿ ಕೂಡಿಸುವುದರಲ್ಲಿ ಸುಖ ಕಾಣುವವರು.

"ಒಳ್ಳೆಯ ಪುಸ್ತಕ ಯಾವುದಿದೆ?" ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೀಗೆ ಕೇಳಿ ನೋಡಿ: "ಬಹಳ ವರ್ಷದಿಂದ ಓದು ಬಿಟ್ಟುಹೋಗಿದೆ, ಚಿಕ್ಕ ಅಧ್ಯಾಯಗಳಿರುವ ಪುಸ್ತಕ ಯಾವುದಾದರೂ ಕೊಡುತ್ತೀರಾ?" "ಇಲ್ಲಿ ಜನ ಹೆಚ್ಚಾಗಿ ಯಾವುದನ್ನು ಒಯ್ಯುತ್ತಾರೆ?" "ಹಕ್ಕಿಗಳ ಚಿತ್ರವಿರುವ ಪುಸ್ತಕ ಎಲ್ಲಿರುತ್ತದೆ?" ಉತ್ತರಿಸುವವರು ಕುರ್ಚಿಯಿಂದ ಎದ್ದು ಕಪಾಟಿನವರೆಗೆ ನಿಮ್ಮೊಡನೆ ನಡೆಯಬೇಕು, ಅಂಥ ಪ್ರಶ್ನೆ ಅತ್ಯುತ್ತಮ. ನಡೆಯುವಾಗ ಎರಡು ಮಾತು ತಾನಾಗಿ ಬರುತ್ತದೆ. ಪುಸ್ತಕ ಹಿಂದಿರುಗಿಸುವಾಗ "ನೀವು ಕೊಟ್ಟದ್ದು ಅರ್ಧಕ್ಕೆ ನಿಂತುಹೋಯಿತು" ಎಂದರೂ ಸರಿ, ಅದು ಮುಂದಿನ ಮಾತಿಗೆ ಎಳೆ.

ಓದುಗರೊಡನೆ ಮಾತನಾಡುವಾಗ ಜಾಗ ನೋಡಿ. ಪತ್ರಿಕೆಗಳ ಮೇಜು, ಹೊಸ ಪುಸ್ತಕಗಳ ಕಪಾಟು, ಮೆಟ್ಟಿಲು, ನೀರಿನ ಕೊಳಾಯಿಯ ಹತ್ತಿರ ಮಾತು ಸಲ್ಲುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರನ್ನು ಬಿಟ್ಟುಬಿಡಿ. ಉತ್ತರ ಒಂದೇ ಪದದಲ್ಲಿ ಬಂದರೆ ನಕ್ಕು ಸುಮ್ಮನಾಗಿ. ಮನೆಗೆ ಬಂದು "ಅವರಿಗೆ ನಾನು ಕಿರಿಕಿರಿಯಾದೆನೇನೋ" ಎಂದು ಕೊರಗುವವರಿಗೆ ಒಂದು ಸಮಾಧಾನವಿದೆ. ಅಪರಿಚಿತರು ಮಾತನಾಡಿದ ಮೇಲೆ, ಎದುರಿನವರಿಗೆ ತಾವು ಎಷ್ಟು ಹಿಡಿಸಿದೆವು ಎಂಬುದನ್ನು ಇಬ್ಬರೂ ನಿಜಕ್ಕಿಂತ ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ ಎಂದು 2018ರ ಒಂದು ಮನಃಶಾಸ್ತ್ರೀಯ ಅಧ್ಯಯನ ಕಂಡುಕೊಂಡಿದೆ.

ಎಚ್ಚರಿಕೆಯ ಒಂದು ಮಾತು. ಮೊದಲ ಭೇಟಿಗಳಲ್ಲಿ ಮನೆಯ ವಿಳಾಸ, ಒಬ್ಬರೇ ಇರುವ ವಿಚಾರ, ಹಣಕಾಸು ಇವನ್ನೆಲ್ಲ ಹೇಳಿಕೊಳ್ಳಬೇಡಿ. ಸಾಲ ಕೇಳುವವರು ಗ್ರಂಥಾಲಯಕ್ಕೂ ಬರುತ್ತಾರೆ.

ಹೆಜ್ಜೆ 5: ನಡುವೆ ಒಂದು ವಸ್ತುವಿರಲಿ

ಇಬ್ಬರು ಅಪರಿಚಿತರನ್ನು ಎದುರುಬದುರು ಕೂರಿಸಿ ಮಾತನಾಡಿ ಎಂದರೆ ಗಂಟಲು ಒಣಗುತ್ತದೆ. ನಡುವೆ ಒಂದು ಕೆಲಸವಿಟ್ಟರೆ ಕಣ್ಣಿಗೂ ಕೈಗೂ ಆಸರೆ ಸಿಗುತ್ತದೆ.

ನಮ್ಮಲ್ಲಿ ಯಾರೋ ಒಮ್ಮೆ ಪತ್ರಿಕೆಯ ಪದಬಂಧವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಕಿಟಕಿಯ ಪಕ್ಕದ ಮೇಜಿಗೆ ಅಂಟಿಸಿ, ದಾರ ಕಟ್ಟಿದ ಪೆನ್ಸಿಲ್ ಇಟ್ಟರು. ಮಧ್ಯಾಹ್ನದೊಳಗೆ ಮೂರು ಕೈಬರಹಗಳು ಸೇರಿದ್ದವು: ನಡುಗುವ ದೊಡ್ಡ ಅಕ್ಷರ, ಶಾಲೆಯ ದುಂಡನೆಯ ಅಕ್ಷರ, ಅವಸರದ ಓರೆ ಅಕ್ಷರ. ದುಂಡನೆಯ ಅಕ್ಷರದವರು ಹಾಕಿದ ಒತ್ತು ತಪ್ಪಾಗಿತ್ತು. ನಡುಗುವ ಅಕ್ಷರದವರು ಅದನ್ನು ಒರೆಸದೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು. ಮರುದಿನ ಒತ್ತು ಸರಿಯಾಗಿತ್ತು, ಕೆಳಗೆ ಸಣ್ಣದಾಗಿ 'ವಂದನೆಗಳು' ಎಂದಿತ್ತು. ಆ ಹುಡುಗಿಯೂ ಆ ಹಿರಿಯರೂ ಮುಖತಃ ಭೇಟಿಯಾದದ್ದು ಆರನೆಯ ದಿನ.

ಗ್ರಂಥಾಲಯಗಳಲ್ಲಿ ನಡೆಯುವ ಚಟುವಟಿಕೆಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂಬುದರ ಬಗ್ಗೆ ನನ್ನ ಅನಿಸಿಕೆ ಹೇಳುತ್ತೇನೆ. ಮಾತೆಂದರೆ ಹೆದರುವವರಿಗೆ ಮೌನ ಓದಿನ ಕೂಟ. ಅವರವರ ಪುಸ್ತಕ ಅವರೇ ತಂದು, ಒಂದು ಗಂಟೆ ಒಟ್ಟಿಗೆ ಕುಳಿತು ಓದಿ, ಬೇಕಾದರೆ ಕೊನೆಗೆ ಹರಟುವ ಪದ್ಧತಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಬ್ಬರು ಗೆಳತಿಯರು ಆರಂಭಿಸಿದ್ದು ಈಗ ಅನೇಕ ದೇಶಗಳಲ್ಲಿದೆ. ಓದಲು ಕಣ್ಣು ಸಹಕರಿಸದವರಿಗೆ, ಓದು ಅಷ್ಟಾಗಿ ಬಾರದವರಿಗೆ ಗಟ್ಟಿಯಾಗಿ ಓದುವ ಕೂಟವೇ ಸರಿ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ, ನಡುವೆ ನಿಲ್ಲಿಸಿ ಮಾತನಾಡುತ್ತಾರೆ, ಮನೆಯಲ್ಲಿ ಓದಿಕೊಂಡು ಬರಬೇಕೆಂಬುದಿಲ್ಲ. ಪುಟ್ಟ ಮಕ್ಕಳಿರುವವರು ಕಥೆ ಹೇಳುವ ಕಾರ್ಯಕ್ರಮಕ್ಕೆ ಹೋಗಿ. ಕಥೆ ಮಕ್ಕಳಿಗೆ, ಮುಗಿದ ಮೇಲಿನ ಹದಿನೈದು ನಿಮಿಷ ದೊಡ್ಡವರಿಗೆ. ಬೇರೆಯವರ ಬದುಕಿನ ಬಗ್ಗೆ ಕುತೂಹಲವಿರುವವರಿಗೆ ಮಾನವ ಗ್ರಂಥಾಲಯ ಎಂಬುದಿದೆ. 2000ದಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಈ ಕಾರ್ಯಕ್ರಮದಲ್ಲಿ ಎರವಲು ಸಿಗುವುದು ಮನುಷ್ಯರು. ತಮ್ಮ ಕಥೆ ಹೇಳಲು ಒಪ್ಪಿದವರೊಬ್ಬರ ಎದುರು ಕುಳಿತು ನೀವು ಪ್ರಶ್ನೆ ಕೇಳಬಹುದು.

ತಿಂಗಳಿಗೊಂದು ಕಾದಂಬರಿ ಓದಿಬಂದು ಚರ್ಚಿಸುವ ಬಳಗ ಒಂಟಿತನಕ್ಕೆ ಅಷ್ಟೊಂದು ಒಳ್ಳೆಯ ಮದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಓದಿ ಮುಗಿಸದವರು ನಾಚಿಕೆಯಿಂದ ಬರುವುದೇ ಇಲ್ಲ, ಅಂದು ಜೊತೆ ಹೆಚ್ಚು ಬೇಕಾಗಿದ್ದುದು ಅವರಿಗೇ.

ಹೆಜ್ಜೆ 6: ಒಂದು ಸಣ್ಣ ಹೊಣೆ

ಎರಡು ತಿಂಗಳು ಕಳೆದ ಮೇಲೆ ಏನಾದರೂ ಕೆಲಸ ಕೇಳಿ ಪಡೆಯಿರಿ. ಹಿಂದಿರುಗಿದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು, ಹರಿದ ಬೆನ್ನಿಗೆ ಕಾಗದ ಅಂಟಿಸುವುದು, ದೃಷ್ಟಿ ಇಲ್ಲದವರಿಗೆ ಪತ್ರಿಕೆ ಓದಿಹೇಳುವುದು, ಮೊಬೈಲಿನಲ್ಲಿ ಅರ್ಜಿ ತುಂಬಲು ನೆರವಾಗುವುದು. ಕೆಲಸ ಚಿಕ್ಕದಾಗಿರಲಿ, ಆದರೆ ನೀವು ಬಾರದಿದ್ದರೆ ನಿಂತುಹೋಗುವಂಥದಾಗಿರಲಿ. "ಮೊನ್ನೆ ಕಾಣಲಿಲ್ಲವಲ್ಲ" ಎಂಬ ಮಾತನ್ನು ಬಹಳ ದಿನಗಳ ಮೇಲೆ ಕೇಳಿಸಿಕೊಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಹೆಜ್ಜೆ 7: ಏನೂ ಇಲ್ಲದಿದ್ದರೆ ನೀವೇ ಆರಂಭಿಸಿ

ಮೇಲಿನ ಯಾವುದೂ ನಿಮ್ಮ ಗ್ರಂಥಾಲಯದಲ್ಲಿ ನಡೆಯುತ್ತಿಲ್ಲವೇ? ಹಾಗಾದರೆ ಗ್ರಂಥಪಾಲಕರಿಗೆ ಅರ್ಧ ಪುಟದ ಪತ್ರ ಬರೆಯಿರಿ. ಕೇಳುವುದು ಸ್ಪಷ್ಟವಾಗಿರಲಿ: ಒಂದು ಮೇಜು, ಆರು ಕುರ್ಚಿ, ವಾರಕ್ಕೊಂದು ಗಂಟೆ, ಎಂಟು ವಾರಗಳ ಪ್ರಯೋಗ. 'ಒಂಟಿತನ ನಿವಾರಣಾ ಕೂಟ' ಎಂದು ಮಾತ್ರ ಹೆಸರಿಡಬೇಡಿ, ಅಂಥ ಫಲಕದ ಕೆಳಗೆ ಬಂದು ಕೂರುವ ಧೈರ್ಯ ಯಾರಿಗಿದೆ? 'ಗುರುವಾರದ ಓದು' ಎಂದರೆ ಸಾಕು.

ಬಾಗಿಲಿನತ್ತ ಮುಖ ಮಾಡಿ ನೀವೇ ಕೂರಿ. ಹೊಸಬರು ಬಾಗಿಲಲ್ಲಿ ನಿಂತು ಇಣುಕಿ ಹೊರಟುಹೋಗುವ ಆ ಹತ್ತು ಸೆಕೆಂಡಿನಲ್ಲಿ ಎದ್ದು "ಬನ್ನಿ, ಇಲ್ಲಿ ಜಾಗವಿದೆ" ಎನ್ನಬೇಕು. ಯಾವಾಗಲೂ ಒಂದು ಕುರ್ಚಿ ಖಾಲಿ ಇರಲಿ. ಹತ್ತು ಜನ ಬಂದರೆ ಹನ್ನೊಂದನೆಯದನ್ನು ಎಳೆದಿಡಿ.

ಮೊದಲ ಸಲ ಎರಡು ಮೂರು ಪುಟದ ಕಥೆ ಅಥವಾ ಒಂದು ಪದ್ಯ ಆರಿಸಿ, ಅಲ್ಲೇ ಓದಿ ಅಲ್ಲೇ ಮುಗಿಯುವಂಥದು. ಸುತ್ತಿನಲ್ಲಿ ಎಲ್ಲರೂ ಓದಲೇಬೇಕೆಂಬ ನಿಯಮ ಬೇಡ. "ನಾನು ಕೇಳುತ್ತೇನೆ" ಎನ್ನುವುದಕ್ಕೆ ಅವಕಾಶವಿರಲಿ. ಹೆಸರು ಹೇಳಿಕೊಳ್ಳುವುದು ಸಾಕು, ಉದ್ಯೋಗ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವ ಚಾಳಿಯನ್ನು ಮೊದಲ ದಿನವೇ ತಡೆಯಿರಿ. ಒಬ್ಬರೇ ಇರುವವರಿಗೆ ಆ ಎರಡನೆಯ ಪ್ರಶ್ನೆ ಮುಳ್ಳು. ಪ್ರತಿ ಕೂಟದಲ್ಲೂ ಎಲ್ಲ ಹೊತ್ತನ್ನೂ ತಾವೇ ನುಂಗುವವರು ಒಬ್ಬರಿರುತ್ತಾರೆ. ಅವರ ಕೈಗೆ ಮುಂದಿನ ಪುಟ ಓದಲು ಕೊಡಿ.

ಎರಡನೆಯ ವಾರ ಇಬ್ಬರೇ ಬಂದರೂ ರದ್ದು ಮಾಡಬೇಡಿ. ಮಳೆಗೆ ಹೆದರಿ ನೀವು ಬಾರದ ದಿನವೇ ಯಾರೋ ಒಬ್ಬರು ಧೈರ್ಯ ಮಾಡಿ ಬಂದಿರುತ್ತಾರೆ. ನಮ್ಮ ಕೂಟದಲ್ಲಿ ನಾನು ಹಾಗೆ ಒಂದು ಗುರುವಾರ ತಪ್ಪಿಸಿಕೊಂಡಿದ್ದೆ. ಬಾಗಿಲವರೆಗೆ ಬಂದು ಹೋದವರು ಯಾರೆಂದು ಇಂದಿಗೂ ಗೊತ್ತಿಲ್ಲ, ಕೌಂಟರಿನಲ್ಲಿ ಕೇಳಿ ಹೋದರಂತೆ.

ಕೌಂಟರಿನ ಈಚೆ ಇರುವವರಿಗೆ

ಗ್ರಂಥಾಲಯ ನಡೆಸುವವರಿಗೆ ಸ್ವಲ್ಪ. ಸ್ವಾಗತಿಸುವುದಕ್ಕೆ ಭವ್ಯ ಕಟ್ಟಡ ಬೇಕಾಗಿಲ್ಲ, ಆದರೂ ದೊಡ್ಡವರಿಂದ ಕಲಿಯುವುದಿದೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ ಊಡಿ ಗ್ರಂಥಾಲಯದಲ್ಲಿ ಹೊಲಿಗೆ ಯಂತ್ರಗಳಿವೆ. ಬಟ್ಟೆ ಹೊಲಿಯಲು ಬಂದವರೂ ಓದುಗರಷ್ಟೇ ಹಕ್ಕಿನಿಂದ ಬರುತ್ತಾರೆ. ಡೆನ್ಮಾರ್ಕಿನ ಆರ್ಹುಸ್ ನಗರದ ಡೋಕ್1 ಗ್ರಂಥಾಲಯದಲ್ಲಿ ದೊಡ್ಡದೊಂದು ಗಂಟೆ ತೂಗುಹಾಕಿದ್ದಾರೆ. ನಗರದ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ತಂದೆತಾಯಿ ಗುಂಡಿ ಒತ್ತಿದರೆ ಅದು ಮೊಳಗುತ್ತದೆ. ಪತ್ರಿಕೆ ಓದುತ್ತ ಕುಳಿತವರೆಲ್ಲ ಒಂದು ಗಳಿಗೆ ತಲೆಯೆತ್ತುತ್ತಾರೆ, ಎಲ್ಲೋ ಹುಟ್ಟಿದ ಕೂಸಿಗೆ ಸಾಕ್ಷಿಯಾಗುತ್ತಾರೆ.

ನಿಮ್ಮಿಂದ ಆಗುವುದು ಇದಕ್ಕಿಂತ ಸುಲಭ. ಎರಡು ಕುರ್ಚಿಗಳನ್ನು ಗೋಡೆಯ ಕಡೆಯಿಂದ ತಿರುಗಿಸಿ ಒಂದಕ್ಕೊಂದು ಓರೆಯಾಗಿಡಿ. ಮಾತಿಗೆ ಒಂದು ಮೂಲೆ, ಮೌನಕ್ಕೆ ಒಂದು ಕೋಣೆ ಬಿಟ್ಟುಕೊಡಿ. ದಂಡ ಹೆಚ್ಚಾದ ಕಾರಣ ಬರುವುದನ್ನೇ ನಿಲ್ಲಿಸಿದವರಿಗೆ ಮನ್ನಾದ ದಾರಿಯಿದ್ದರೆ ತಿಳಿಸಿ. ದಿನವೂ ಬರುತ್ತಿದ್ದವರು ಎರಡು ವಾರ ಕಾಣದಿದ್ದರೆ ಗಮನಿಸಿ. ಆದರೆ ಆಪ್ತಸಲಹೆಗಾರರ ಕೆಲಸವನ್ನು ಮೈಮೇಲೆ ಎಳೆದುಕೊಳ್ಳಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಸಾರ್ವಜನಿಕ ಗ್ರಂಥಾಲಯ 2009ರಲ್ಲಿ ಪೂರ್ಣಾವಧಿ ಸಮಾಜ ಕಾರ್ಯಕರ್ತರನ್ನೇ ನೇಮಿಸಿಕೊಂಡದ್ದು, ಆ ಕೆಲಸಕ್ಕೆ ಬೇರೆಯೇ ತರಬೇತಿ ಬೇಕು ಎಂದು ಅರಿತು. ಅಷ್ಟು ಅನುಕೂಲವಿಲ್ಲದವರು ಹತ್ತಿರದ ಆರೋಗ್ಯ ಕೇಂದ್ರ ಮತ್ತು ಸಹಾಯವಾಣಿಯ ಸಂಖ್ಯೆಗಳನ್ನು ಕಣ್ಣಿಗೆ ಬೀಳುವ ಕಡೆ ಬರೆದಿಡಬಹುದು.

ಪದಬಂಧದ ಮೇಜು ಹಾಕುವವರಿಗೆ ಇನ್ನೊಂದು ಸೂಚನೆ: ಉತ್ತರದ ಹಾಳೆಯನ್ನು ಮೇಜಿನ ಮೇಲೆ ಇಡಬೇಡಿ, ಕೌಂಟರಿನ ಡ್ರಾಯರಿನಲ್ಲಿಡಿ. ಬೇಕಾದವರು ಎದ್ದು ಬಂದು ಕೇಳಲಿ.